ಮೌನಿಯ ಇನ್ನೂರ ಮೂವತ್ತೊಂದು ದಿನ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 8.50

ದೀಪ ಸರಿ. ಯಂತ್ರದ ಟ್ಯಾಂಕಿನ ಉಷ್ಣತೆ ಸರಿ. ದೂರದರ್ಶಕದ ರಾತ್ರಿಪಾಳಿಯವರ ಟಿಪ್ಪಣಿ: ಮೋಡವಿಲ್ಲ, ಗಾಳಿ ಕಡಿಮೆ, ಮೌನಿಯನ್ನು ಮೂರು ಸಲ ಹಿಡಿದಿದ್ದೇವೆ. ಕೆಳಗೆ ಇನ್ನೊಂದು ಸಾಲು: ಕಾಫಿ ಯಂತ್ರ ಮತ್ತೆ ಕೆಟ್ಟಿದೆ, ನಾವು ಮುಟ್ಟಿಲ್ಲ.

ಮೂರೂ ಫೈಲ್ ಇಳಿಸಿಕೊಂಡೆ. ನಕ್ಷತ್ರದ ಬೆಳಕಿನ ಗೆರೆಗಳನ್ನು ಅಳತೆಗೋಲಿನಂಥ ದೀಪದ ಗೆರೆಗಳ ಪಕ್ಕ ಇಟ್ಟು ಅಳೆದದ್ದಾಯಿತು. ಒಂಬತ್ತು ವರ್ಷದಲ್ಲಿ ಇದು ಆರುನೂರ ಹನ್ನೆರಡನೆಯ ರಾತ್ರಿ. ಮೌನಿ ಎಷ್ಟು ದಿನಕ್ಕೊಮ್ಮೆ ಅಲ್ಲಾಡುತ್ತದೆ ಅನ್ನುವ ಗ್ರಾಫ್ ತೆಗೆದರೆ ಮತ್ತೆ ಅದೇ ಗೂಟ. ಇನ್ನೂರ ಮೂವತ್ತೊಂದು ದಿನದ ಹತ್ತಿರ, ಬಯಲಲ್ಲಿ ನೆಟ್ಟ ಹಾಗೆ. ಕಳೆದ ತಿಂಗಳಿಗಿಂತ ಎತ್ತರ.

ಮೇಡಂ ಬೆನ್ನ ಹಿಂದೆ ಬಂದು ನಿಂತರು. "ಇನ್ನೇನಮ್ಮ ಬೇಕು ನಿಂಗೆ?"

"ಇಷ್ಟು ಚೆನ್ನಾಗಿದೆಯಲ್ಲ ಮೇಡಂ, ಅದೇ ಭಯ."

"ನಿಂಗೆ ಚೆನ್ನಾಗಿಲ್ಲದಿದ್ರೂ ಭಯ, ಚೆನ್ನಾಗಿದ್ರೂ ಭಯ."

ಅವರು ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಎಂಟು ತಿಂಗಳು. ಪೇಪರ್ ಏಪ್ರಿಲ್ ಹದಿನೈದಕ್ಕೆ ಹೋಗಲೇಬೇಕಂತೆ. ಸೂರ್ಯನಂಥದೇ ನಕ್ಷತ್ರ, ನೆರೆಮನೆ ಅನ್ನುವಷ್ಟು ಹತ್ತಿರ. ಅದರ ಸುತ್ತ ಭೂಮಿಯ ಆರರಷ್ಟು ತೂಕದ ಒಂದು ಗ್ರಹ, ನೀರು ನೀರಾಗಿಯೇ ಇರಬಹುದಾದ ದೂರದಲ್ಲಿ. ಯಾರಿಗೆ ಬೇಡ?

ಆದರೆ ಆ ಗ್ರಹ ಎಳೆದಾಗ ಮೌನಿ ಅಲ್ಲಾಡುವುದು ಸೆಕೆಂಡಿಗೆ ಎಪ್ಪತ್ತು ಸೆಂಟಿಮೀಟರ್. ಅಂಬೆಗಾಲಿಡುವ ಮಗುವಿನ ವೇಗ. ಅಷ್ಟು ದೂರದಿಂದ ಅದನ್ನು ಅಳೆದಿದ್ದೇವೆ ಅನ್ನುತ್ತೇವೆ. ಒಳ್ಳೆಯ ಸುದ್ದಿ ನನ್ನ ಮೇಜಿಗೆ ಬಂದರೆ ಮೊದಲು ಅದರ ಜೇಬು ತಡಕೋಣ ಅನಿಸುತ್ತದೆ.

ಮಾರ್ಚ್ 6. ಸಂಜೆ

ಪಾತ್ರೆ ಒರೆಸುತ್ತಿದ್ದೆ. ಅತ್ತೆ ಬಾಗಿಲು ಅರ್ಧ ಮುಂದೆ ಮಾಡಿ ಬಂದರು. ದನಿ ತಗ್ಗಿಸಿ —

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಮೌನಿ ಯಾರಮ್ಮ?"

"ಯಾಕತ್ತೆ?"

"ಇವನು ಪಾಠ ಮುಗಿಸಿ ಸ್ಕೂಲಿಂದ ಬಂದವನೇ ಕಂಪ್ಯೂಟರ್ ಮುಂದೆ ಕೂರ್ತಾನೆ. ಊಟಕ್ಕೆ ಕರೆದ್ರೆ ಹತ್ತು ಸಲ ಹೂಂ ಅಂತಾನೆ. ನಾನು ಕೋಣೆಗೆ ಹೋದ್ರೆ ಪರದೆ ಮುಚ್ತಾನೆ. ಮೊನ್ನೆ ಒಬ್ಬನೇ ಗೊಣಗ್ತಿದ್ದ, ಮೌನಿ ನೀನು ಸುಳ್ಳು ಹೇಳ್ತಿದೀಯಾ ಅಂತ. ನಾನು ಹೆತ್ತ ಮಗ. ಆದ್ರೂ ಗಂಡಸು."

ನಗು ತಡೆಯಲಾಗಲಿಲ್ಲ. "ನಕ್ಷತ್ರ ಅತ್ತೆ ಅದು. ನಮ್ಮ ಆಫೀಸಲ್ಲಿ ಇಟ್ಟ ಅಡ್ಡಹೆಸರು. ಕಲೆ, ಬಿರುಗಾಳಿ ಏನೂ ಇಲ್ಲದ ಸಾಧು ನಕ್ಷತ್ರ, ಅದಕ್ಕೆ ಮೌನಿ. ಅದರ ಸುತ್ತ ಗ್ರಹ ಇದೆಯಾ ಅಂತ ನೋಡ್ತಿದೀವಿ."

"ಕಾಣ್ಸುತ್ತಾ?"

"ಗ್ರಹ ಕಾಣಲ್ಲ. ಅದು ಎಳೆದಾಗ ನಕ್ಷತ್ರ ಚೂರು ಆಚೆ ಈಚೆ ಆಗುತ್ತೆ. ಅದನ್ನ ಅಳೀತೀವಿ."

"ಕಾಣ್ದೇ ಇರೋದನ್ನ ಇದೆ ಅಂತ ಹಿಡಿಯೋ ಕೆಲಸ." ಅತ್ತೆ ಸ್ವಲ್ಪ ಯೋಚಿಸಿದರು. "ನಿಂಗೆ ಹೇಳಿ ಮಾಡಿಸಿದ ಹಾಗಿದೆ."

ಅವರು ನೆಮ್ಮದಿಯಾಗಿ ಹೋದರು. ನನ್ನ ನಗು ನಿಂತಿತು. ಮೌನಿ ಅನ್ನುವ ಹೆಸರು ಮನೆಯಲ್ಲಿ ನಾನೇ ಹತ್ತಾರು ಸಲ ಹೇಳಿರಬಹುದು. ಆದರೆ ಇವನು ಪರದೆ ಮುಚ್ಚುವುದು ಯಾಕೆ?

ಮಾರ್ಚ್ 7. ಮಧ್ಯಾಹ್ನ 3.15

ಸರ್ವರಿನ ಲಾಗ್ ತೆಗೆದೆ. ನೋಡಬಾರದಿತ್ತು.

ಫೆಬ್ರವರಿ ಹತ್ತರಿಂದ ಈಚೆಗೆ ಹನ್ನೊಂದು ಸಲ ಮನೆಯಿಂದ ಲಾಗಿನ್ ಆಗಿದೆ. ಎಲ್ಲವೂ ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆ. ಎಲ್ಲವೂ ನನ್ನ ಹೆಸರಿನಲ್ಲಿ. ಆ ಹೊತ್ತಿಗೆ ನಾನು ಇಲ್ಲಿ, ಇದೇ ಕುರ್ಚಿಯಲ್ಲಿದ್ದೆ. ತೆರೆದದ್ದು ಒಂದೇ ಫೋಲ್ಡರ್, ಮೌನಿಯದು.

ಪಾಸ್‌ವರ್ಡ್ ಇವನಿಗೆ ನಾನೇ ಕೊಟ್ಟಿದ್ದು. ಎರಡು ವರ್ಷದ ಹಿಂದೆ ಜ್ವರ ಬಂದಾಗ, ಒಂದು ಫೈಲ್ ಕಳಿಸು ಅಂತ.

ಮಾರ್ಚ್ 11

ಜೂನ್ ಸಮ್ಮೇಳನದ ಪಟ್ಟಿ ಬಂತು. ಎರಡನೇ ದಿನ, ಮೂರನೇ ಭಾಷಣ. ನಮ್ಮ ಹಳೇ ಪರಿಚಯದ ಗಡ್ಡದವರದು. ವಿಷಯ: ಹತ್ತಿರದ ಒಂದು ಶಾಂತ, ಸೂರ್ಯಸದೃಶ ನಕ್ಷತ್ರ — ಎಂಟು ವರ್ಷಗಳ ವೀಕ್ಷಣೆ. ನಕ್ಷತ್ರದ ಹೆಸರಿಲ್ಲ. ಬೇಕಾಗಿಯೂ ಇಲ್ಲ. ಹತ್ತಿರ, ಶಾಂತ, ಸೂರ್ಯನಂಥದು ಅಂದರೆ ಎಷ್ಟಿವೆ? ಬೆರಳೆಣಿಕೆ.

ಮೇಡಂ ಪಟ್ಟಿ ಹಿಡಿದು ನೇರ ನನ್ನ ಕೋಣೆಗೆ. "ನಮ್ಮಿಂದ ಯಾರೋ ಬಾಯಿ ಬಿಟ್ಟಿದ್ದಾರೆ."

"ಅವರ ಹತ್ರಾನೂ ದೂರದರ್ಶಕ ಇದೆ ಮೇಡಂ."

"ನೀನೇ ಹೀಗಂದ್ರೆ ಹೇಗೆ? ಎಲ್ಲಾನೂ ಅನುಮಾನಿಸೋಳು ನೀನು."

ಗಡ್ಡದವರು ಸಮುದ್ರದಾಚೆ, ಬೇರೆ ಗುಂಪು, ಬೇರೆ ಯಂತ್ರ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಉಳಿದು ಊಟ ಮಾಡಿದವರು. ನನಗಿಂತ ಇವನಿಗೇ ಹೆಚ್ಚು ಸ್ನೇಹಿತರು. ಹನ್ನೊಂದು ವರ್ಷದ ಹಿಂದೆ ನಾನೂ ಇವನೂ ಸೇರಿ ಒಂದು ಗ್ರಹ ಹಿಡಿದಿದ್ದೆವು. ಬೇರೊಂದು ನಕ್ಷತ್ರದ ಸುತ್ತ, ಆರು ತಿಂಗಳಿಗೊಂದು ಸುತ್ತು. ಪತ್ರಿಕೆಗಳಲ್ಲಿ ನಮ್ಮಿಬ್ಬರ ಫೋಟೋ. ತುಂಬಿದ ಸಭೆಯಲ್ಲಿ ಗಡ್ಡದವರು, ತುಂಬ ಮರ್ಯಾದೆಯಿಂದ, ಒಂದೇ ಚಿತ್ರ ತೋರಿಸಿದರು. ಸೂರ್ಯನ ಸುತ್ತ ಓಡುವ ಭೂಮಿಯ ವೇಗವನ್ನು ನಾವು ಸರಿಯಾಗಿ ಕಳೆದಿರಲಿಲ್ಲ. ನಾವು ಕಂಡುಹಿಡಿದದ್ದು ನಮ್ಮದೇ ಭೂಮಿಯನ್ನು.

ಆ ತಪ್ಪು ಸಾಲು ಯಾರು ಬರೆದದ್ದು ಅಂತ ಇಬ್ಬರಿಗೂ ನೆನಪಿರಲಿಲ್ಲ. ಇವನು "ನಾನೇ" ಅಂದ. ಕೆಲಸ ಬಿಟ್ಟ. ಈಗ ಬೆಳಗಿನ ಪಾಳಿಯ ಶಾಲೆಯಲ್ಲಿ ಭೌತಶಾಸ್ತ್ರ ಹೇಳುತ್ತಾನೆ. ನಾನು ಉಳಿದೆ.

ಅವನಿಗೆ ನನ್ನ ಮೇಲೆ ಸಿಟ್ಟಿರಬಾರದು ಅಂತ ಏನಿದೆ?

ಮಾರ್ಚ್ 12

ಪಾಸ್‌ವರ್ಡ್ ಬದಲಿಸಿದೆ. ಯಾರಿಗೂ ಹೇಳಲಿಲ್ಲ.

ಊಟದ ಮೇಜಿನಲ್ಲಿ ಇವನ ಮುಖವನ್ನೇ ನೋಡುತ್ತಿದ್ದೆ. ಉಪ್ಪು ದಾಟಿಸಿದ. "ಆಫೀಸಲ್ಲಿ ಏನು ಸಮಾಚಾರ?"

"ಏನಿಲ್ಲ. ನಿಮ್ಮದು?"

"ಏನಿಲ್ಲ."

ಅತ್ತೆಯ ಎದುರು ಇವನಿಗೆ "ನೀವು" ಅನ್ನುತ್ತೇನೆ, ಕೋಣೆಯೊಳಗೆ "ನೀನು". ಇಪ್ಪತ್ತು ವರ್ಷದ ಅಭ್ಯಾಸ. ಇವತ್ತು ಕೋಣೆಯೊಳಗೆ ಎರಡೂ ಬೇಕಾಗಲಿಲ್ಲ.

ಮಾರ್ಚ್ 15

ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಯಾರೋ ನನ್ನ ಹೆಸರಲ್ಲಿ ಹಳೇ ಪಾಸ್‌ವರ್ಡ್ ಹಾಕಿ ಎರಡು ಸಲ ಪ್ರಯತ್ನಿಸಿದ್ದಾರೆ. ಯಾರೋ ಅಂತೆ! ಸಂಜೆ ಮನೆಗೆ ಹೋದರೆ ಮಾಮೂಲಿನ ಹಾಗೆ ಬಟ್ಟೆ ಮಡಚುತ್ತಾ ಕೂತಿದ್ದ. ನನ್ನ ಸೀರೆಗೂ ಸರಿಯಾಗಿ ನೆರಿಗೆ ಕೂರಿಸಿ ಮಡಚಿದ್ದ. ಇಷ್ಟು ತಣ್ಣಗಿರುವುದು ಹೇಗೆ ಸಾಧ್ಯ?

ಮಾರ್ಚ್ 19, ಬುಧವಾರ. ಸಂಜೆ

ಅವನೇ ಬಾಯಿ ಬಿಟ್ಟ. ಅತ್ತೆ ಪಕ್ಕದ ಮನೆಗೆ ಹೋಗಿದ್ದರು.

"ಪಾಸ್‌ವರ್ಡ್ ಬದಲಾಯಿಸಿದೀಯ."

"ಹೌದು."

"ಕೇಳಬಹುದಿತ್ತು ನನ್ನ."

"ಹೇಳಬಹುದಿತ್ತು ನೀನು."

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ಪ್ರತಿ ಫೈಲಿನ ತಲೆಯಲ್ಲಿ ಟ್ಯಾಂಕಿನ ಒತ್ತಡ ಬರೆದಿರುತ್ತಲ್ಲ, ಅದನ್ನ ಸಾಲಾಗಿ ಹಾಕಿ ನೋಡಿದೀಯಾ?"

ಅಳತೆಯ ಯಂತ್ರವೆಲ್ಲ ಒಂದು ಉಕ್ಕಿನ ಟ್ಯಾಂಕಿನೊಳಗಿದೆ. ಒಳಗೆ ಗಾಳಿ ಇರಬಾರದು. ಎಷ್ಟು ಬಿಗಿ ಮಾಡಿದರೂ ಚೂರು ಚೂರು ನುಸುಳುತ್ತದೆ, ಒತ್ತಡ ಏರುತ್ತದೆ, ಬೆಳಕಿನ ಗೆರೆಗಳೂ ಕೂದಲೆಳೆಯಷ್ಟು ಸರಿಯಬಹುದು. ಆಗ ಪಂಪ್ ಹಾಕಿ ಎಳೆದುಬಿಡುತ್ತಾರೆ. ಮತ್ತೆ ಮೊದಲಿಂದ ಏರುತ್ತದೆ. ನಾನು ಉಷ್ಣತೆ ನೋಡಿದ್ದೆ, ದೀಪ ನೋಡಿದ್ದೆ, ನಕ್ಷತ್ರದ ಕಲೆ ನೋಡಿದ್ದೆ. ಇದನ್ನು ನೋಡಿರಲಿಲ್ಲ.

"ಎಷ್ಟು ದಿನಕ್ಕೊಂದು ಸಲ ಪಂಪ್ ಹಾಕ್ತಾರೆ?" ಅಂದೆ. ಉತ್ತರ ಗೊತ್ತಿತ್ತು, ಅವನ ಮುಖದಲ್ಲೇ ಇತ್ತು.

"ಹೆಚ್ಚು ಕಮ್ಮಿ ಏಳೂವರೆ ತಿಂಗಳು."

ಇನ್ನೂರ ಮೂವತ್ತು ದಿನ. ಹಾಸಿಗೆಯ ಮೇಲೆ ಕೂತುಬಿಟ್ಟೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೂರು ವಾರ ಆಯ್ತು."

"ಮೂರು ವಾರ! ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಸ್ನಾನ ಮಾಡ್ತಾ ಹಾಡ್ತಿದ್ದೆ ನೀನು. ಹನ್ನೊಂದು ವರ್ಷದ ಮೇಲೆ." ಕನ್ನಡಕ ಹಾಕಿಕೊಂಡ. "ಪಂಪೇ ಕಾರಣ ಅಂತ ಖಾತ್ರಿ ಆಗಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಖಾತ್ರಿ ಆಗ್ಲೇ ಇಲ್ಲ. ಹೌದು ಅಂತಾನೂ ಆಗ್ಲಿಲ್ಲ, ಅಲ್ಲ ಅಂತಾನೂ ಆಗ್ಲಿಲ್ಲ."

"ಕದ್ದು ನೋಡಿದ್ಯಾಕೆ?"

"ಹೋದ ಸಲ ನಮ್ಮ ಲೆಕ್ಕ ಇನ್ನೊಬ್ಬರು ನೋಡಿದ್ರೆ ಉಳ್ಕೋತಿದ್ವಿ. ಕೇಳಿದ್ರೆ ನೀನು ಬೇಡ ಅಂತಿದ್ದೆ."

ಬೇಡ ಅನ್ನುತ್ತಿದ್ದೆ, ನಿಜ. ಗಡ್ಡದವರ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಮಾರ್ಚ್ 20

ದೀಪದಣ್ಣನ ಕೋಣೆ. ದೀಪ, ಟ್ಯಾಂಕು, ಪಂಪು ಎಲ್ಲ ಆತನ ಸುಪರ್ದಿ. ರಿಜಿಸ್ಟರ್ ಕೇಳಿದ ಕೂಡಲೇ ಹುಬ್ಬು ಗಂಟಿಕ್ಕಿದ.

"ಏನ್ ಮೇಡಮ್ಮೋರೆ, ತಪ್ಪನ್ನ ನನ್ನ ತಲೆಗೆ ಕಟ್ಟೋಕೆ ದಾರಿ ಹುಡುಕ್ತಿದೀರಾ?"

"ಇಲ್ಲಣ್ಣ. ತಾರೀಖು ಬೇಕಷ್ಟೆ."

"ತಾರೀಖು ಕೇಳೋರು ಯಾವಾಗ್ಲೂ ಹಾಗೇ ಶುರು ಮಾಡೋದು."

ಕೊಟ್ಟ, ಆದರೆ ನಾನು ಬರೆದುಕೊಳ್ಳುವವರೆಗೂ ಪಕ್ಕದಲ್ಲೇ ನಿಂತಿದ್ದ. ಒಂಬತ್ತು ವರ್ಷದಲ್ಲಿ ಹದಿನಾಲ್ಕು ಸಲ ಪಂಪ್. ನಡುವಿನ ಅಂತರ 219, 240, 228, 251, 214… ಸರಾಸರಿ 229.

"ಇದಕ್ಕೆ ಕ್ಯಾಲೆಂಡರ್ ಇಟ್ಟಿದೀರಾ ಅಣ್ಣ?"

"ಎಂಥ ಕ್ಯಾಲೆಂಡರ್? ಮುಳ್ಳು ಕೆಂಪು ಗೆರೆ ದಾಟಿದ ದಿನ ಹಾಕ್ತೀನಿ. ಅದು ಯಾವಾಗ ದಾಟುತ್ತೋ ಅದರಿಷ್ಟ."

ಅದರಿಷ್ಟ. ಮೌನಿಯ ಗೂಟ ಗಡಿಯಾರದ ಹಾಗೆ ಬರುತ್ತದೆ, ಪಂಪ್ ಮುಂದೆ ಹಿಂದೆ ಆಗುತ್ತದೆ. ಇದು ಆಸೆ ಹುಟ್ಟಿಸುತ್ತದೆ. ಆಸೆ ಹುಟ್ಟಿದ್ದರಿಂದಲೇ ಇದನ್ನು ಎರಡು ಸಲ ನೋಡಬೇಕು.

ಮಾರ್ಚ್ 24, ಸೋಮವಾರ

ನಾಲ್ಕು ದಿನ ಬೇರೆ ನಕ್ಷತ್ರಗಳ ಲೆಕ್ಕ. ತಪ್ಪು ಪಂಪಿನದಾದರೆ ಎಲ್ಲ ನಕ್ಷತ್ರಗಳಲ್ಲೂ ಅದೇ ಗೂಟ ಕಾಣಬೇಕು. ಮೌನಿಯಷ್ಟೇ ಶಾಂತವಾದ ಮೂರನ್ನು ಆರಿಸಿದೆ. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಇಲ್ಲ. ಮೂರನೆಯದರಲ್ಲಿ 226 ದಿನದ ಹತ್ತಿರ ಒಂದು ಸಣ್ಣ ದಿಬ್ಬ. ದಿಬ್ಬವೋ, ನನ್ನ ಕಣ್ಣೋ?

ಮೇಡಂಗೆ ಹೇಳಿದೆ. ಪೂರ್ತಿ ಕೇಳಿದರು.

"ಪೇಪರಲ್ಲಿ ಒಂದು ಪ್ಯಾರಾ ಸೇರಿಸು. ಪಂಪಿನ ಪರಿಣಾಮ ಇರಬಹುದಾದರೂ ಸಾಧ್ಯತೆ ಕಡಿಮೆ ಅಂತ."

"ಹನ್ನೊಂದು ವರ್ಷದ ಹಿಂದೆ ನಾವೂ ಅಂಥದ್ದೇ ಪ್ಯಾರಾ ಸೇರಿಸಿದ್ವಿ ಮೇಡಂ. ಸಾಧ್ಯತೆ ಕಡಿಮೆ ಅಂತಾನೇ."

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ಅದು ಗೇಟು ದಾಟುವವರೆಗೂ ಮೇಡಂ ನೋಡುತ್ತಿದ್ದರು.

"ಹಾಗಾದ್ರೆ ಏನು ಮಾಡ್ತೀಯ?"

"ಬೇರೆ ಯಂತ್ರದ ಅಳತೆ ಬೇಕು. ಅವರ ಟ್ಯಾಂಕಿಗೂ ನಮ್ಮ ಪಂಪಿಗೂ ಸಂಬಂಧ ಇಲ್ಲ."

"ಬೇರೆ ಯಂತ್ರ ಯಾರ ಹತ್ರ ಇದೆ ಅಂತ ಗೊತ್ತಲ್ಲ?"

"ಗೊತ್ತು."

"ಕೈಯಾರೆ ಎತ್ತಿ ಕೊಟ್ಟ ಹಾಗಾಗುತ್ತೆ." ಮೇಜಿಗೆ ವಾಪಸ್ ಬಂದು: "ಎರಡು ವಾರ. ಅಷ್ಟರೊಳಗೆ ಇತ್ಯರ್ಥ ಮಾಡ್ಕೋ."

ಮಾರ್ಚ್ 27

ಗಡ್ಡದವರಿಗೆ ಬರೆದೆ. ಆರು ಸಲ ತಿದ್ದಿದೆ. ನಕ್ಷತ್ರದ ಸಂಖ್ಯೆ ಹೇಳಿದೆ, ದಿನದ ಲೆಕ್ಕ ಹೇಳಲಿಲ್ಲ. ನಿಮ್ಮ ವೇಗದ ಪಟ್ಟಿ ಕಳಿಸಿದರೆ ನಮ್ಮದರ ಜತೆ ಹೋಲಿಸಬಹುದು ಅಂದೆ. ಓದಿದರೆ ನನಗೇ ನಗು. ನಿನ್ನ ಜೇಬಲ್ಲಿ ಏನಿದೆ ತೋರಿಸು, ನನ್ನದು ಕೇಳಬೇಡ ಅಂದ ಹಾಗಿದೆ.

ಮಾರ್ಚ್ 29

ಉತ್ತರ ಬಂತು. ಕ್ಷೇಮ ಸಮಾಚಾರ, ಅತ್ತೆಯವರ ಮಂಡಿನೋವು ಹೇಗಿದೆ, ನಿಮ್ಮ ಪಟ್ಟಿ ಮೊದಲು ಕಳಿಸಿದರೆ ಸಂತೋಷ. ಆತನೂ ದಿನದ ಲೆಕ್ಕ ಹೇಳಿಲ್ಲ!

ಕೊನೆಗೆ ಒಂದು ಸಲಹೆ. ಇಬ್ಬರೂ ಒಂದೊಂದೇ ಸಾಲು ಬರೆಯೋಣ. ನಮಗೆ ಕಂಡ ಸುತ್ತಿನ ಅವಧಿ, ನಕ್ಷತ್ರ ನಮ್ಮಿಂದ ಅತಿ ವೇಗವಾಗಿ ದೂರ ಸರಿಯುವ ಮುಂದಿನ ತಾರೀಖು. ಒಂದೇ ಗಳಿಗೆಗೆ, ಇಬ್ಬರೂ ನಂಬುವ ಒಬ್ಬರಿಗೆ ಕಳಿಸೋಣ. ಅವರು ಎರಡನ್ನೂ ಒಟ್ಟಿಗೆ ತೆರೆಯಲಿ. ಯಾರು ಯಾರನ್ನು ನೋಡಿ ಬರೆದರು ಅನ್ನುವ ಮಾತೇ ಬರುವುದಿಲ್ಲ.

"ಅಂಥವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. ನಿಮ್ಮ ಯಜಮಾನರು."

ಮಾರ್ಚ್ 31

ಇಡೀ ಭಾನುವಾರ ಬೇರೆ ಹೆಸರು ಹುಡುಕಿದೆ. ಸಿಗಲಿಲ್ಲ. ಮೇಡಂ ಆಗುವುದಿಲ್ಲ, ಅವರ ಗುಂಪಿನವರು ಆಗುವುದಿಲ್ಲ. ಒಂದು ತಿಂಗಳಿಂದ ನಾನು ಯಾರ ಮೇಲೆ ಕಣ್ಣಿಟ್ಟಿದ್ದೆನೋ ಅವನೇ.

ಸರಿ ಅಂತ ಬರೆದೆ. ಇವನಿಗೂ ಹೇಳಿದೆ.

"ನನ್ನನ್ನಾ?" ಅಂದ. ಸಂತೋಷವಾಯಿತು ಅನಿಸುತ್ತದೆ. ಶಾಲೆಯ ಅಂಗಿಯಲ್ಲೇ ಇದ್ದ, ತೋಳಿನ ಮೇಲೆ ಸೀಮೆಸುಣ್ಣ.

ಏಪ್ರಿಲ್ 5, ಶನಿವಾರ. ಸಂಜೆ 6

ನಾಲ್ಕು ಗಂಟೆಗೆ ಸರಿಯಾಗಿ ನನ್ನ ಸಾಲು ಕಳಿಸಿದೆ. ಒಂದು ನಿಮಿಷಕ್ಕೆ ಅವರದೂ ಬಂತು. ಇವನು ಎರಡನ್ನೂ ತೆರೆಯದೆ ಟ್ಯಾಬ್ ತಂದು ಊಟದ ಮೇಜಿನ ಮೇಲಿಟ್ಟ. ಅತ್ತೆಯನ್ನು ಕರೆದ.

"ಅಮ್ಮ, ನೀನೇ ಓದು. ನಮ್ಮಿಬ್ಬರಿಗೂ ಇದರಲ್ಲಿ ಬೇಕಾದ್ದಿದೆ."

ಅತ್ತೆ ಕನ್ನಡಕ ಹುಡುಕಿದರು. ಅದು ಅವರ ತಲೆಯ ಮೇಲೇ ಇತ್ತು.

"ನಿನ್ನದು ಇನ್ನೂರ ಮೂವತ್ತೊಂದು, ಚುಕ್ಕಿ, ನಾಲ್ಕು. ಆಗಸ್ಟ್ ಇಪ್ಪತ್ತೆರಡು." ಬೆರಳಲ್ಲಿ ತಳ್ಳಿದರು. ತಪ್ಪು ಕಡೆಗೆ. ಮತ್ತೆ ಈಚೆಗೆ. "ಇವರದು ಇನ್ನೂರ ಮೂವತ್ತು, ಚುಕ್ಕಿ, ಒಂಬತ್ತು. ಆಗಸ್ಟ್ ಹತ್ತೊಂಬತ್ತು."

ನಾನೂ ಇವನೂ ಟ್ಯಾಬಿನ ಮೇಲೆ ಬಾಗಿದೆವು.

"ಹೊಂದ್ಲಿಲ್ಲ ಪಾಪ," ಅಂದರು ಅತ್ತೆ. "ಮೂರು ದಿನ ಹೆಚ್ಚು ಕಮ್ಮಿ ಇದೆ."

"ಹೊಂದ್ತಮ್ಮ," ಅಂದ ಇವನು. "ಇನ್ನೂರ ಮೂವತ್ತರಲ್ಲಿ ಮೂರು ದಿನ ಏನೂ ಅಲ್ಲ. ಎರಡು ಯಂತ್ರ, ಎರಡು ಕಡೆ, ಒಂದೇ ಗ್ರಹ. ಪಂಪ್ ಅಲ್ಲ. ಇದೆ ಅದು."

ಇದೆ ಅದು. ಯಾರೂ ಕಾಣದ ಒಂದು ಗ್ರಹ ಅಲ್ಲಿ ಸುತ್ತುತ್ತಿದೆ. ನಾವು ನಂಬಿದರೂ ಬಿಟ್ಟರೂ ಸುತ್ತುತ್ತಿತ್ತು. ಅತ್ತೆ ನನ್ನ ತಲೆ ಸವರಿ, "ಹಾಗಾದ್ರೆ ಟೀ ಮಾಡ್ತೀನಿ," ಅಂತ ಒಳಗೆ ಹೋದರು. ಇವನು ನಗುತ್ತಿದ್ದ. ಕಣ್ಣಲ್ಲಿ ನೀರಿತ್ತು. ಆ ಕ್ಷಣ ಸಾಕಾಗಿತ್ತು ನನಗೆ. ಸಾಕಾಗಬೇಕಿತ್ತು.

ಆದರೆ ಬಾಯಿ… ಅದೇ ಹೇಳಿಬಿಟ್ಟಿತು.

"ಅವರಿಗೆ ನೀನು ಮೊದಲೇ ಏನಾದ್ರೂ…"

"ಏನಾದ್ರೂ, ಏನು?"

"ಸಂಖ್ಯೆ. ಫೆಬ್ರವರಿಯಿಂದ ನೋಡ್ತಿದ್ಯಲ್ಲ, ಮಾತಲ್ಲಿ ಮಾತು ಬಂದು…"

ನಗು ಮುಖದಿಂದ ಒಮ್ಮೆಲೇ ಹೋಗಲಿಲ್ಲ. ನಿಧಾನಕ್ಕೆ ಹೋಯಿತು. ಅದೇ ನೋಡುವುದಕ್ಕೆ ಕಷ್ಟವಾಯಿತು. ಟ್ಯಾಬ್ ಆರಿಸಿದ. ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟ. ಚಪ್ಪಲಿ ಹಾಕಿಕೊಂಡು ಹೊರಟ.

ಅತ್ತೆ ಮೂರು ಲೋಟ ತಂದರು. "ಇವನೆಲ್ಲಿ?"

ಏಪ್ರಿಲ್ 6

ಬಂದ. ಬೀದಿ ಸುತ್ತಿ ಬಂದೆ ಅಂತ ಅತ್ತೆಗೆ ಹೇಳಿದ. ನನಗೇನೂ ಹೇಳಲಿಲ್ಲ.

ಏಪ್ರಿಲ್ 15, ಮಂಗಳವಾರ. ಸಂಜೆ 5.30

ಪೇಪರ್ ಹೋಯಿತು. ಎರಡೂ ಗುಂಪಿನ ಹೆಸರಿನಲ್ಲಿ, ಒಟ್ಟಿಗೆ. ಮೇಡಂ ಎಲ್ಲರಿಗೂ ಸಿಹಿ ಹಂಚಿದರು. ದೀಪದಣ್ಣನಿಗೆ ಎರಡು. ಅವನು ಅದನ್ನೂ ಅನುಮಾನದಿಂದಲೇ ತಿಂದ.

ಪೇಪರಿಗಾಗಿ ಗಡ್ಡದವರು ತಮ್ಮ ಹಳೇ ಫೋಲ್ಡರ್ ಎಲ್ಲ ಕಳಿಸಿದ್ದಾರೆ. ಅದರಲ್ಲಿ ಒಂದು ಗ್ರಾಫ್. ಇನ್ನೂರ ಮೂವತ್ತರ ಹತ್ತಿರ ಗೂಟ, ಪಕ್ಕದಲ್ಲಿ ಆತನ ಕೈಬರಹದಲ್ಲಿ ಪ್ರಶ್ನಾರ್ಥಕ ಚಿಹ್ನೆ. ತಾರೀಖು ಎರಡು ವರ್ಷದ ಹಿಂದಿನ ನವೆಂಬರ್. ಇವನು ನನ್ನ ಫೋಲ್ಡರ್ ತೆರೆಯುವುದಕ್ಕಿಂತ ಎಷ್ಟೋ ಮೊದಲು.

ಆ ಪುಟ ಬಹಳ ಹೊತ್ತು ತೆರೆದಿಟ್ಟುಕೊಂಡಿದ್ದೆ. ಮನೆಗೆ ತಂದು ತೋರಿಸಿದರೆ? "ಓ, ಸಾಕ್ಷಿ ಸಿಕ್ತಾ," ಅನ್ನುತ್ತಾನೆ. ತಪ್ಪಿಲ್ಲ. ಅವತ್ತು ಕೇಳಬಾರದಿತ್ತು ಅನ್ನುವುದಕ್ಕೂ ಗ್ರಾಫಿಗೂ ಏನು ಸಂಬಂಧ? ಇದು ಸಿಗದೇ ಇದ್ದಿದ್ದರೂ ಕೇಳಬಾರದಿತ್ತು.

ಪೇಪರಿನಲ್ಲಿ ಇವನ ಹೆಸರೂ ಹಾಕೋಣ ಅಂದಿದ್ದರು ಮೇಡಂ. ಕೇಳಿದೆ. "ಬೇಡ. ಕೊನೆಯಲ್ಲಿ ವಂದನೆ ಹೇಳೋ ಕಡೆ ಹಾಕಿ, ಸಾಕು." ಜಗಳವಿಲ್ಲ. ಹಾಲು ತಂದಿದ್ದೀನಿ ಅನ್ನುತ್ತಾನೆ, ಕೀಲಿ ಎಲ್ಲಿ ಅನ್ನುತ್ತಾನೆ, ಗ್ಯಾಸ್ ಮುಗಿದಿದೆ ಅನ್ನುತ್ತಾನೆ. ಅತ್ತೆ ಎದುರು ಆಡುವ ದನಿಯಲ್ಲೇ ಕೋಣೆಯೊಳಗೂ ಆಡುತ್ತಾನೆ. ಹತ್ತು ದಿನವಾಯಿತು, ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಅತ್ತೆಗೆ ಗೊತ್ತಾಗಿದೆ. ನಿನ್ನೆ ಕೇಳಿಯೇಬಿಟ್ಟರು: "ಆ ಮೌನಿ ವಿಷಯ ಮುಗೀತು ತಾನೆ? ಮತ್ತೆ ಮನೇಲಿ ಯಾಕೆ ಇಬ್ಬರೂ ಬಾಯಿ ಕಟ್ಟಿಕೊಂಡಿದೀರಾ?"

ಈಗ ಆಚೆ ಬಾಲ್ಕನಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾನೆ. ಕೆಂಪು ಪೆನ್ನಿನ ಸದ್ದು ಇಲ್ಲಿಗೆ ಕೇಳುವುದಿಲ್ಲ, ಆದರೆ ಪುಟ ಮಗುಚುವುದು ಕೇಳುತ್ತದೆ. ಹೋಗಿ ಹೇಳಬೇಕು. ನಂಬುತ್ತೇನೆ ಅಂತಲ್ಲ, ಅದನ್ನು ನಾನು ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ. ಅವತ್ತು ನಿನ್ನ ಸಂತೋಷ ಹಾಳು ಮಾಡಿದೆ ಅಂತ. ಆ ಹಳೇ ತಪ್ಪು ಸಾಲು ನಾನೇ ಬರೆದಿರಬಹುದು ಅಂತ. ಅದನ್ನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ…

ಪುಟದ ಸದ್ದು ನಿಂತಿದೆ.

ಕರೆದ. ಹೆಸರು ಹಿಡಿದು.

ಪೆನ್ನಿಗೆ ಇಂಕು ಮುಗಿದಿರಬಹುದು. ಅಷ್ಟಕ್ಕೇ ಇರಬಹುದು. ಇರಲಿ, ಹೋಗಿ…